ಆ ಸಾಲಿನಲ್ಲಿ ‘ಇದ್ದಕ್ಕಿದ್ದಂತೆ’ ಇಲ್ಲ

ಒಂದು ಸಣ್ಣಕತೆ ಒಂಬತ್ತು ವರ್ಷ ನನ್ನ ಹತ್ತಿರವೇ ಉಳಿದಿತ್ತು. ಎರಡು ಸಲ ಪೂರ್ತಿ ಬರೆದೆ, ಎರಡು ಸಲವೂ ಒಂದೇ ಜಾಗದಲ್ಲಿ ಕೈಕೊಟ್ಟಿತು: ಸಾವು ಬರುವ ಜಾಗದಲ್ಲಿ. ಮೂರನೇ ಸಲ ಅದು ಹೇಗೆ ಕೂಡಿಬಂತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಇಂಥದ್ದೇ ಕತೆಯ ಮುಂದೆ ಕೂತಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಕತೆಯ ಮೂಲ ನನ್ನ ಅಣ್ಣ. ಒಂದು ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಮಾತಾಡುತ್ತಿದ್ದೆವು. ಅವನ ಮೇಜಿನ ಡ್ರಾಯರು ಸಿಕ್ಕಿಕೊಂಡಿತ್ತು, ಅಂಚಿಗೆ ಮೇಣದಬತ್ತಿ ಉಜ್ಜಿ ನೋಡು ಅಂತ ನಾನು ಹೇಳುತ್ತಿದ್ದೆ. “ಇರು, ಯಾರೋ ಬೆಲ್ ಮಾಡ್ತಿದಾರೆ. ಐದು ನಿಮಿಷ ಬಿಟ್ಟು ಮಾಡ್ತೀನಿ” ಅಂದ. ಸಂಜೆ ಅವನ ನಂಬರಿನಿಂದಲೇ ಫೋನ್ ಬಂತು, ದನಿ ಬೇರೆಯವರದ್ದು. ಹೃದಯಾಘಾತ. ಡ್ರಾಯರಿನ ಮಾತು ಅರ್ಧಕ್ಕೇ ನಿಂತಿತು.

ಇದನ್ನು ಇದ್ದ ಹಾಗೇ ಬರೆಯಲು ನನ್ನಿಂದ ಆಗಲಿಲ್ಲ. ಫೋನು ಅಂತ ಬರೆದ ಕೂಡಲೇ ಕತೆ ನಿಂತು ಅಳು ಶುರುವಾಗುತ್ತಿತ್ತು. ಹಾಗಾಗಿ ಫೋನಿನ ಜಾಗಕ್ಕೆ ಬಲ್ಬು ತಂದೆ: ಒಂದೇ ಮನೆಯಲ್ಲಿರುವ ಅಣ್ಣ ತಂಗಿ, ಹಜಾರದ ಬಲ್ಬು ಹೋಗಿದೆ, ಅಣ್ಣ ಸ್ಟೂಲು ಹತ್ತಿ ಬದಲಾಯಿಸುತ್ತಾನೆ. ವಸ್ತು ಬದಲಾದ ಮೇಲೇ ನನಗೆ ಆ ಮಧ್ಯಾಹ್ನವನ್ನು ಕಣ್ಣಿಟ್ಟು ನೋಡಲು ಸಾಧ್ಯವಾಯಿತು.

ಮೊದಲ ಕರಡಿನಲ್ಲಿ ಬೆಳಗ್ಗೆಯಿಂದಲೇ ಮೋಡ ಕವಿದಿತ್ತು. ಗೋಡೆ ಗಡಿಯಾರ ನಿಂತಿತ್ತು. ತಂಗಿಗೆ ಹಿಂದಿನ ರಾತ್ರಿ ಕೆಟ್ಟ ಕನಸು ಬಿದ್ದಿತ್ತು. ಕೊನೆಗೆ ಈ ಸಾಲುಗಳು: “ಇದ್ದಕ್ಕಿದ್ದಂತೆ ದೊಡ್ಡ ಸದ್ದಾಯಿತು. ಅವಳು ಗಾಬರಿಯಿಂದ ಓಡಿಬಂದಳು.” ನನ್ನ ಕರಡುಗಳನ್ನೆಲ್ಲ ಓದುವ ಗೆಳತಿಯೊಬ್ಬಳಿದ್ದಾಳೆ. “ಅಣ್ಣ ಸಾಯ್ತಾನೆ ಅಂತ ಎರಡನೇ ಪುಟದಲ್ಲೇ ಗೊತ್ತಾಯ್ತು ಕಣೇ. ಆಮೇಲೆ ಯಾವಾಗ ಸಾಯ್ತಾನೆ ಅಂತ ಕಾಯ್ತಾ ಓದಿದೆ” ಅಂದಳು.

ಅವಳು ಹೇಳಿದ್ದು ನಿಜ. ನನಗೆ ಆ ಭಾನುವಾರ ಮೋಡ ಇತ್ತೋ ಬಿಸಿಲಿತ್ತೋ ನೆನಪೇ ಇಲ್ಲ, ಯಾಕೆಂದರೆ ಅದು ನೆನಪಿಟ್ಟುಕೊಳ್ಳಬೇಕಾದ ದಿನ ಅಂತ ಆಗ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಕರಡು ಮುಗಿದ ಮೇಲೆ ‘ಇದ್ದಕ್ಕಿದ್ದಂತೆ’, ‘ಹಠಾತ್ತನೆ’, ‘ಅಷ್ಟರಲ್ಲಿ’ ಇವುಗಳನ್ನು ಹುಡುಕಿ ಒಂದೊಂದನ್ನೇ ಕಿತ್ತು ನೋಡುವುದು. ಇವು ನಡೆದದ್ದನ್ನು ಆಮೇಲೆ ಹಿಂತಿರುಗಿ ನೋಡಿ ಹೇಳುವವರ ಮಾತುಗಳು. ನಡೆಯುವ ಗಳಿಗೆಯ ಒಳಗೆ ನಿಂತವರಿಗೆ ಆ ಪದ ಇನ್ನೂ ಹುಟ್ಟಿರುವುದಿಲ್ಲ. ಅದರಲ್ಲೂ ‘ಅಷ್ಟರಲ್ಲಿ’ ಅನ್ನುವುದು ಬಲು ಮೋಸದ್ದು. ಓದುಗರು ಅದನ್ನು ಕಂಡ ಕ್ಷಣವೇ ಮೈ ಬಿಗಿಮಾಡಿಕೊಳ್ಳುತ್ತಾರೆ, ಪೆಟ್ಟು ಬೀಳುವ ಹೊತ್ತಿಗೆ ತಯಾರಾಗಿಬಿಟ್ಟಿರುತ್ತಾರೆ.

ಎರಡನೇ ಕರಡಿನಲ್ಲಿ ಮೋಡ, ಗಡಿಯಾರ, ಕನಸು ಎಲ್ಲ ತೆಗೆದೆ. ಸಾಮಾನ್ಯ ಮಧ್ಯಾಹ್ನ, ಸಾಮಾನ್ಯ ಮಾತು, ನಡುವೆ ಸಾವು. ಗೆಳತಿ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಸಲ ಅವನನ್ನ ಸಾಯಿಸಿದ್ದು ನೀನು” ಅಂದಳು.

ಆ ಮಾತು ನನ್ನನ್ನು ತಿಂಗಳುಗಟ್ಟಲೆ ಕೊರೆಯಿತು. ಬದುಕಿನಲ್ಲಿ ಕಾರಣವಿಲ್ಲದೆ ಏನಾದರೂ ಆದರೆ ನಂಬದೆ ಗತಿಯಿಲ್ಲ. ಪುಟದ ಮೇಲೆ ಹಾಗಲ್ಲ, ಅಲ್ಲಿ ಬರೆದವರೊಬ್ಬರು ಇದ್ದೇ ಇರುತ್ತಾರೆ, ಓದುಗರಿಗೆ ಆ ಕೈ ಕಾಣುತ್ತದೆ. ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲೇ ಈ ಗಂಟಿಗೆ ಕೈಹಾಕಿದ್ದ. ಘಟನೆ ನಿರೀಕ್ಷೆಗೆ ಹೊರತಾಗಿರಬೇಕು, ಆದರೂ ಹಿಂದಿನದರಿಂದಲೇ ಹುಟ್ಟಿದ ಹಾಗಿರಬೇಕು ಎನ್ನುತ್ತಾನೆ ತನ್ನ ಕಾವ್ಯಮೀಮಾಂಸೆಯಲ್ಲಿ. ಅದಕ್ಕೆ ಅವನು ಕೊಡುವ ಉದಾಹರಣೆ ಆರ್ಗೋಸ್ ಊರಿನ ಒಂದು ಪ್ರತಿಮೆ. ಮಿಟಿಸ್ ಎಂಬವನ ಸಾವಿಗೆ ಕಾರಣನಾದವನು ಆ ಮಿಟಿಸನ ಪ್ರತಿಮೆಯನ್ನು ನೋಡುತ್ತಿರುವಾಗ ಅದೇ ಅವನ ಮೇಲೆ ಬಿದ್ದು ಸತ್ತ. ಬಿದ್ದದ್ದು ಆಕಸ್ಮಿಕವೇ. ಬೇರೆ ಕಲ್ಲು ಬಿದ್ದಿದ್ದರೆ ನಾವು ಮರೆತುಬಿಡುತ್ತಿದ್ದೆವು. ಇದನ್ನು ಮರೆಯಲಾಗದ್ದು ಪ್ರತಿಮೆ ಮೊದಲೇ ಅಲ್ಲಿ ನಿಂತಿತ್ತು ಅನ್ನುವ ಕಾರಣಕ್ಕೆ.

ಹಾಗಾದರೆ ಮೊದಲೇ ನಿಲ್ಲಿಸಿಡಬೇಕು, ಆದರೆ ಅನುಮಾನ ಬರಬಾರದು. ಇದನ್ನು ನಾನು ಕಲಿತದ್ದು ಅಮೆರಿಕದ ಲೇಖಕಿ ಕೇಟ್ ಶೊಪಾನ್ ಬರೆದು 1894ರಲ್ಲಿ ಪ್ರಕಟವಾದ, ಒಂದು ಗಂಟೆಯ ಅವಧಿಯಲ್ಲಿ ನಡೆದು ಮುಗಿಯುವ ಪುಟ್ಟ ಕತೆಯಿಂದ. ಗಂಡ ರೈಲು ಅಪಘಾತದಲ್ಲಿ ಸತ್ತನೆಂಬ ಸುದ್ದಿ ಹೆಂಡತಿಗೆ ಬರುತ್ತದೆ. ಕೊನೆಯಲ್ಲಿ ಅವನು ಜೀವಂತ ಬಾಗಿಲು ತೆರೆದು ಒಳಗೆ ಬರುತ್ತಾನೆ, ಸಾಯುವುದು ಅವಳು. ಅವಳಿಗೆ ಹೃದಯದ ಕಾಯಿಲೆ ಇದೆ ಅನ್ನುವುದನ್ನು ಲೇಖಕಿ ಮುಚ್ಚಿಡುವುದಿಲ್ಲ, ಮೊಟ್ಟಮೊದಲ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಆದರೆ ಹೇಳುವುದು ಬೇರೆ ಕೆಲಸಕ್ಕೆ: ಕಾಯಿಲೆ ಇದ್ದದ್ದರಿಂದ ಸಾವಿನ ಸುದ್ದಿಯನ್ನು ಮೆಲ್ಲಗೆ ತಿಳಿಸಬೇಕಾಯಿತು ಎಂದು. ನಮ್ಮ ಕಣ್ಣೆಲ್ಲ ಸುದ್ದಿಯ ಮೇಲೆ, ಕಾಯಿಲೆ ತನ್ನ ಕೆಲಸ ಮುಗಿಸಿ ಮೂಲೆಗೆ ಸರಿಯಿತು ಅಂದುಕೊಳ್ಳುತ್ತೇವೆ. ಶೊಪಾನ್ ಐದು ವರ್ಷದ ಮಗುವಾಗಿದ್ದಾಗ, 1855ರಲ್ಲಿ, ಅವರ ತಂದೆ ತೀರಿಕೊಂಡದ್ದೂ ರೈಲು ದುರಂತದಲ್ಲೇ. ಕತೆಯಲ್ಲಿ ಆ ರೈಲು ಒಬ್ಬನನ್ನು ತಿರುಗಿ ಕಳಿಸುವಂತೆ ಮಾಡಲು ಅವರಿಗೆ ಎಷ್ಟು ವರ್ಷ ಬೇಕಾಯಿತೋ ಅಂತ ನಾನು ಆಗಾಗ ಯೋಚಿಸುತ್ತೇನೆ.

ನನ್ನ ಸ್ಟೂಲಿಗೂ ಒಂದು ಬೇರೆ ಕೆಲಸ ಕೊಟ್ಟೆ. ಅದರ ಒಂದು ಕಾಲು ಗಿಡ್ಡ. ಅದರಡಿ ಹಳೇ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಇಡುತ್ತಾರೆ. ಕತೆಯಲ್ಲಿ ಅದು ಜಗಳದ ವಸ್ತು: ಹೊಸದು ತಗೊಳ್ಳೋಣ ಅಂತ ತಂಗಿ, ಇದಕ್ಕೇನಾಗಿದೆ ಅಂತ ಅಣ್ಣ. ಆ ಜಗಳದಲ್ಲಿ ಅವರಿಬ್ಬರ ಪ್ರೀತಿ ಕಾಣಬೇಕಿತ್ತು, ಕಂಡಿತು. ಸ್ಟೂಲು ಅಲುಗಾಡುತ್ತದೆ ಅನ್ನುವುದು ಆ ಪ್ರೀತಿಯ ಹಿಂದೆ ಅಡಗಿತು. ಇದರ ಜೊತೆಗೆ ಇನ್ನೂ ಮೂರು ವಿಷಯ ಅರ್ಧಕ್ಕೇ ತೆರೆದಿಟ್ಟೆ: ಸಿಕ್ಕಿಕೊಂಡ ಡ್ರಾಯರು, ಯಾರಿಗೋ ಉತ್ತರ ಬರೆಯಬೇಕಾದ ಪತ್ರ, ಅಣ್ಣನ ಕೆಮ್ಮು. ಇವು ಯಾವುವೂ ಮುಂದೆ ಏನೂ ಆಗುವುದಿಲ್ಲ.

ಗುಂಡು ತುಂಬಿದ ಬಂದೂಕನ್ನು ಹಾರಿಸುವ ಉದ್ದೇಶವಿಲ್ಲದಿದ್ದರೆ ರಂಗದ ಮೇಲೆ ಇಡಬೇಡಿ ಎಂದು ರಷ್ಯದ ಲೇಖಕ ಚೆಕಾಫ್ 1889ರಲ್ಲಿ ಪತ್ರವೊಂದರಲ್ಲಿ ಬರೆದಿದ್ದರು. ಆ ಮಾತಿನ ಮೇಲೆ ನನಗೆ ಬಹಳ ಗೌರವ. ಆದರೂ ಆಕಸ್ಮಿಕವನ್ನೇ ಹೇಳಹೊರಟ ಕತೆಗೆ ಹಾರದ ಬಂದೂಕುಗಳೂ ಬೇಕು ಅನ್ನುವುದು ನನ್ನ ಅನುಭವ. ಇಟ್ಟದ್ದೆಲ್ಲ ಹಾರುತ್ತದೆ ಅಂತ ಗೊತ್ತಾದರೆ ಓದುಗರು ಕತೆ ಬಿಟ್ಟು ಲೆಕ್ಕ ಹಾಕಲು ಕೂರುತ್ತಾರೆ.

ಇನ್ನು ಆ ವಾಕ್ಯ. ಅದರ ಮೇಲೆ ನಾನು ಕೂತಷ್ಟು ಕತೆಯ ಉಳಿದ ಯಾವ ಭಾಗದ ಮೇಲೂ ಕೂತಿಲ್ಲ.

ವರ್ಜೀನಿಯಾ ವುಲ್ಫ್ ತಮ್ಮ 1927ರ ಕಾದಂಬರಿ ‘ಟು ದ ಲೈಟ್‌ಹೌಸ್’ನಲ್ಲಿ ಮುಖ್ಯ ಪಾತ್ರವಾದ ರ‍್ಯಾಮ್ಸೆ ದಂಪತಿಯ ಹೆಂಡತಿಯ ಸಾವನ್ನು ಚೌಕ ಕಂಸದ ಒಳಗೆ, ಅದೂ ವಾಕ್ಯದ ಒಂದು ಉಪಭಾಗದಲ್ಲಿ ಮುಗಿಸಿಬಿಡುತ್ತಾರೆ. ವಾಕ್ಯದ ಮುಖ್ಯ ಸುದ್ದಿ ಅವಳ ಗಂಡ ಕತ್ತಲ ಬೆಳಗಿನಲ್ಲಿ ತೋಳು ಚಾಚಿದ್ದು, ತೋಳು ಖಾಲಿಯೇ ಉಳಿದದ್ದು. ಓದಿದಾಗ ನಾನು ಪುಟ ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದ್ದೆ, ಸರಿಯಾಗಿ ಓದಿದೆನಾ ಅಂತ. ಸುದ್ದಿ ಕೇಳಿದಾಗಲೂ ನಾವು “ಏನಂದ್ರಿ?” ಅಂತಲೇ ಅಲ್ಲವೇ ಕೇಳುವುದು.

ಕಂಸ ಹಾಕಲು ನನಗೆ ಮನಸ್ಸಾಗಲಿಲ್ಲ, ಅದು ಅವರದ್ದು. ಆದರೆ ಕನ್ನಡದಲ್ಲೇ ಒಂದು ದಾರಿ ಇತ್ತು. ‘ಅಣ್ಣ ತೀರಿಕೊಂಡ’ ಅನ್ನುವುದು ಪೂರ್ಣ ವಾಕ್ಯ. ಅದೇ ‘ತೀರಿಕೊಂಡ’ ಮುಂದೆ ಒಂದು ನಾಮಪದ ಬಂದ ಕೂಡಲೇ ಬರೀ ವಿಶೇಷಣವಾಗಿಬಿಡುತ್ತದೆ. ‘ತೀರಿಕೊಂಡನು’ ಅಂತ ಬರೆದರೆ ಈ ಬಾಗಿಲು ಮುಚ್ಚಿಹೋಗುತ್ತದೆ, ತಂಗಿ ಸತ್ತಿದ್ದರೆ ‘ತೀರಿಕೊಂಡಳು’ ಅನ್ನಬೇಕಾಗಿ ಇದು ಆಗುತ್ತಲೇ ಇರಲಿಲ್ಲ. ಕೊನೆಗೆ ಬಂದ ಸಾಲುಗಳು ಇವು:

“‘ಐದೇ ನಿಮಿಷ, ಸ್ವಿಚ್ಚು ಆರಿಸು’ ಅಂದ. ಅವಳು ಆರಿಸಿದಳು. ಅಣ್ಣ ತೀರಿಕೊಂಡ ಮೂರನೇ ದಿನ ಆ ಬಲ್ಬು ಮೇಜಿನ ಕೆಳಗೆ ಸಿಕ್ಕಿತು. ಒಡೆದಿರಲಿಲ್ಲ.”

ಬೀಳುವ ಸದ್ದಿಲ್ಲ, ಓಡಿಬರುವುದಿಲ್ಲ. ಸ್ವಿಚ್ಚಿಗೂ ಬಲ್ಬಿಗೂ ನಡುವಿನ ಮೂರು ದಿನ ಒಂದು ಪೂರ್ಣವಿರಾಮದಲ್ಲಿ ಹೋಗಿದೆ. ತಂಗಿಗೆ ಎಲ್ಲ ಗೊತ್ತಿದೆ, ತಡವಾಗಿ ತಿಳಿಯುವುದು ಓದುಗರಿಗೆ, ಅವತ್ತು ನನಗೆ ತಿಳಿದ ಹಾಗೆ. ಇದಕ್ಕೆ ಬೆಲೆ ತೆರಬೇಕಾಯಿತು. ನನಗೆ ಇಷ್ಟವಾಗಿದ್ದ ಆಸ್ಪತ್ರೆಯ ದೃಶ್ಯ ಪೂರ್ತಿ ಹೋಯಿತು.

ಉಳಿದದ್ದು ಬೇಗ ಆಯಿತು. ಸಾವಿನ ಮುಂಚಿನ ಭಾಗದಲ್ಲಿ ‘ಮಾಡುತ್ತಿದ್ದ’, ‘ಹೇಳುತ್ತಿದ್ದ’ ಅನ್ನುವ ರೂಢಿಯ ಕ್ರಿಯಾಪದಗಳನ್ನು ಹೆಚ್ಚಿಸಿದೆ, ದಿನವೂ ಹೀಗೇ, ನಾಳೆಯೂ ಹೀಗೇ ಅನ್ನಿಸುವಂತೆ. ಆಮೇಲಿನ ಭಾಗದಲ್ಲಿ ಎಲ್ಲವೂ ಒಂದೇ ಸಲ ಆಗುವ ಕ್ರಿಯೆಗಳು: ಎತ್ತಿದಳು, ಒರೆಸಿದಳು, ಇಟ್ಟಳು. ತಂಗಿ ಅಳುವ ಕೊನೆಯ ಪ್ಯಾರಾ ತೆಗೆದೆ. ಅವಳು ಸ್ಟೂಲು ಎಳೆದು, ಗಿಡ್ಡ ಕಾಲಿನಡಿ ಕ್ಯಾಲೆಂಡರ್ ಹಾಳೆ ಮಡಿಸಿಟ್ಟು, ಮೇಲೆ ಹತ್ತುವಲ್ಲಿಗೆ ಕತೆ ನಿಲ್ಲುತ್ತದೆ.

ಗೆಳತಿಗೆ ಕಳಿಸಿದೆ. ರಾತ್ರಿ ಫೋನ್ ಮಾಡಿದಳು. ಏನೂ ಹೇಳದೆ ಆ ಸಾಲುಗಳನ್ನು ಗಟ್ಟಿಯಾಗಿ ಓದತೊಡಗಿದಳು. “ಅವಳು ಆರಿಸಿದಳು. ಅಣ್ಣ ತೀರಿಕೊಂಡ” ಎನ್ನುವಲ್ಲಿಗೆ ಅವಳ ದನಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ “ಮೂರನೇ ದಿನ” ಅಂದಳು.