ಓಕುಳಿ ಹನಿಗೆ ಬೆಳಕು ಎಲ್ಲಿಂದ?

ಬಚ್ಚಲಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬರುವುದು ನಾಳೆ. ಅಲ್ಲೀತನಕ ಸುಮ್ನೆ ಯಾಕಿರಬೇಕು ಅಂತ ಕ್ಯಾಮೆರಾ ತಂದೆ. ಆ ದಿನ ತೆಗೆದ ಇನ್ನೂರು ಫೋಟೋಗಳಲ್ಲಿ ಒಂದೂ ಹನಿ ಇರಲಿಲ್ಲ. ಇದ್ದದ್ದು ಮಸುಕಾದ ಬಿಳಿ ಗೆರೆಗಳು.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದೂವರೆ ಅಡಿ ಮೇಲಿಂದ ಬಿದ್ದ ಹನಿ ಕೆಳಗೆ ತಲುಪುವಾಗ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿರುತ್ತದೆ. ಶಟರ್ ಸೆಕೆಂಡಿನ 1/200 ಭಾಗದಷ್ಟೇ ತೆರೆದಿದ್ದರೂ ಅಷ್ಟರಲ್ಲಿ ಒಂದೂವರೆ ಸೆಂಟಿಮೀಟರ್ ಜಾರಿರುತ್ತದೆ! ಹನಿಯನ್ನು ಹಿಡಿದು ನಿಲ್ಲಿಸುವುದು ಶಟರ್ ಅಲ್ಲ, ಕತ್ತಲೆ ಕೋಣೆಯಲ್ಲಿ ಮಿಂಚುವ ಫ್ಲ್ಯಾಶ್. ಅದನ್ನೂ ಫುಲ್ ಪವರ್‌ನಲ್ಲಿ ಬಿಡಬಾರದು. ಪವರ್ ಇಳಿಸಿದಷ್ಟೂ ಅದು ಮಿಂಚುವ ಹೊತ್ತು ಚಿಕ್ಕದಾಗುತ್ತದೆ. ನಾನು 1/32ಕ್ಕೆ ಇಳಿಸಿದೆ. ಗೆರೆ ಹೋಗಿ ಹನಿ ಬಂತು.

ನಲ್ಲಿ ರಿಪೇರಿಯಾದ ಮೇಲೆ ಮೆಡಿಕಲ್ ಶಾಪಿನಿಂದ ಒಂದು ಡ್ರಿಪ್ ಸೆಟ್, ಅಂದರೆ ಗ್ಲೂಕೋಸ್ ಏರಿಸುವ ಕೊಳವೆ ತಂದೆ. ಅದರ ಚಕ್ರ ತಿರುಗಿಸಿದರೆ ಹನಿ ಹೇಳಿದ ಮಾತು ಕೇಳುತ್ತದೆ. ಕೆಳಗೆ ಅಂಚಿನವರೆಗೂ ತುಂಬಿದ ತಟ್ಟೆ. ಹನಿ ಬೀಳುವ ಜಾಗಕ್ಕೆ ಪೆನ್ಸಿಲ್ ಅಡ್ಡ ಇಟ್ಟು ಮ್ಯಾನುಯಲ್ ಫೋಕಸ್ ಮಾಡಿ, ಪೆನ್ಸಿಲ್ ತೆಗೆದೆ. ಲೆನ್ಸಿನ ಕಿಂಡಿ ಎಫ್/11, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಐಎಸ್ಒ 400. ‘ಟಪ್’ ಅಂತ ಕೇಳಿದ ಮೇಲೆ ಬಟನ್ ಒತ್ತಿದರೆ ತಡವಾಯಿತು ಅಂತಲೇ ಅರ್ಥ. ತಾಳ ಹಾಕುವ ಹಾಗೆ ಹನಿಯ ಲಯ ಹಿಡಿದು ಒತ್ತಬೇಕು. ಮೂವತ್ತಕ್ಕೆ ಒಂದು ಸರಿ ಬಂದರೆ ನನಗೆ ಹಬ್ಬ.

ನಾನು ಜಾಸ್ತಿ ಒದ್ದಾಡಿದ್ದು ಬಣ್ಣದ ನೀರಿನ ಜೊತೆ. ಫ್ಲ್ಯಾಶನ್ನು ಎದುರಿನಿಂದ ಬಿಟ್ಟರೆ ನೀರಿನ ಮೇಲೆ ಬಿಳಿ ಚುಕ್ಕೆ. ಹಿಂದೆ ಬಿಳಿ ಥರ್ಮೋಕೋಲ್ ನಿಲ್ಲಿಸಿ ಅದಕ್ಕೆ ಬೆಳಕು ಬಿಟ್ಟೆ. ಬೀಟ್‌ರೂಟ್ ನೀರು ದಾಳಿಂಬೆ ಕಾಳಿನ ಹಾಗೆ ಹೊಳೆಯಿತು, ಹನಿಯ ಅಂಚಿಗೆ ಕಪ್ಪು ಗೆರೆ ಬರೆದಂತಾಯಿತು. ಗೆದ್ದೆ ಅಂದುಕೊಂಡು ಅದೇ ಬೆಳಕಿನಲ್ಲಿ ಅರಿಸಿನದ ನೀರು ಇಟ್ಟೆ. ಕೆಸರು!

ಅರಿಸಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಪುಡಿ ತೇಲುತ್ತಿರುತ್ತದೆ. ಹಿಂದಿನ ಬೆಳಕನ್ನು ಅದು ಈಚೆಗೆ ಬಿಡುವುದಿಲ್ಲ. ಹಾಲಿನದೂ ಇದೇ ಕಥೆ. ಥರ್ಮೋಕೋಲ್ ತೆಗೆದು ಕಪ್ಪು ಬಟ್ಟೆ ಕಟ್ಟಿದೆ. ಫ್ಲ್ಯಾಶನ್ನು ಪಕ್ಕಕ್ಕೆ ತಂದು ಮುಂದೆ ಬಟರ್ ಪೇಪರ್ ಹಿಡಿದೆ. ಅದೇ ಕೆಸರು ಬಂಗಾರದ ಗುಂಡಾಯಿತು. ಈಗ ಯಾವ ನೀರು ಬಂದರೂ ಮೊದಲು ಲೋಟಕ್ಕೆ ಹಾಕಿ ಅದರಾಚೆ ಬೆರಳು ಹಿಡಿಯುತ್ತೇನೆ. ಬೆರಳು ಕಂಡರೆ ಬೆಳಕು ಹಿಂದಿನಿಂದ, ಕಾಣದಿದ್ದರೆ ಪಕ್ಕದಿಂದ.

ಹಾಗೆ ತಲೆಗೆ ಹೊಳೆದದ್ದು ಓಕುಳಿ. ಅರಿಸಿನದ ನೀರಿಗೆ ಚೂರು ಸುಣ್ಣ ಕದಡಿದರೆ ಕೆಂಪಾಗುತ್ತದಲ್ಲ, ಅದೇ. ತಟ್ಟೆಯಲ್ಲಿ ಹಾಲು, ಮೇಲಿಂದ ಬಟ್ಟೆಯಲ್ಲಿ ಸೋಸಿದ ಓಕುಳಿ. ಸೋಸದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ, ನನಗೆ ಎರಡು ಸಲ ಕಟ್ಟಿಕೊಂಡಿತ್ತು. ಹನಿ ಬಿದ್ದು ಗುಳಿಯಾಗಿ, ಆ ಗುಳಿಯಿಂದ ಹಾಲಿನ ಸಣ್ಣ ಕಂಬ ಎದ್ದಿತು. ಬಿದ್ದ ಹನಿಯ ಬಣ್ಣ ತುದಿಯಲ್ಲೇ ಉಳಿದಿತ್ತು. ಬಿಳಿ ಕಂಬದ ಮೇಲೆ ಕೆಂಪು ಗುಂಡು.

ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. “ಕುಂಕುಮದ ಭರಣಿ ಮುಚ್ಚಳದ ಹಾಗಿದೆ ಕಣೋ,” ಅಂದರು. ಆಮೇಲೆ ತಟ್ಟೆಯನ್ನು ಗುರುತು ಹಿಡಿದರು. “ಅಲ್ವೋ, ಇದು ನನ್ನ ಆರತಿ ತಟ್ಟೆ ಅಲ್ವಾ?”