7 ಹಿಟ್ ಪಾಯಿಂಟಿನ ಪುಟಗೋಸಿ ಗಾಬ್ಲಿನ್ನನ್ನು ಖಾಯಂ ವಿಲನ್ ಮಾಡೋದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟದಲ್ಲಿ ಕ್ಯಾಂಪೇನ್ (ಹಲವು ಸೆಷನ್ ನಡೆಯುವ ಉದ್ದ ಕಥೆ) ಶುರು ಮಾಡುವಾಗ ಎಲ್ಲಾ ಡಿಎಂಗಳ (ಕಥೆ ನಡೆಸುವವರ) ಹತ್ರವೂ ಒಂದು ದೊಡ್ಡ ವಿಲನ್ ರೆಡಿ ಇರ್ತದೆ. ಅವನಿಗೊಂದು ಕರಿ ಕೋಟೆ, ನಾಲ್ಕು ಪುಟ ಪೂರ್ವಕಥೆ, ಒಂದು ಶಾಪ, ಎಲ್ಲ ಉಂಟು, ಆದ್ರೆ ಪ್ಲೇಯರ್‌ಗಳಿಗೆ ಅವನ ಹೆಸರು ಕೂಡ ನೆನಪಿರೋದಿಲ್ಲ. ಅದೇ ಮೊದಲ ಸೆಷನ್ನಲ್ಲಿ ಅವರ ಹೇಸರಗತ್ತೆ ಬಿಚ್ಕೊಂಡು ಓಡಿದ ಒಂದು ಜುಜುಬಿ ಗಾಬ್ಲಿನ್ (ಕುಳ್ಳ ರಾಕ್ಷಸ) ಇದ್ರೆ ಸಾಕು, ಮುಂದಿನ ಮಳೆಗಾಲದವರೆಗೂ ಅದಕ್ಕೆ ಬೈತಾ ಇರ್ತಾರೆ. ಹಾಗಾದ್ರೆ ಆ ಗಾಬ್ಲಿನ್ನನ್ನೇ ಯಾಕೆ ಬೆಳೆಸಬಾರದು? ಈ ಲೇಖನ ಅದರ ಬಗ್ಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದ್ರೆ ಐದಾರು ಜನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ದಾಳ ಹಾಕ್ತಾ ಬಾಯಲ್ಲೇ ಕಥೆ ಕಟ್ಟುವ ಆಟ. ಕಥೆ ನಡೆಸುವವ ಡಿಎಂ, ಅಂದ್ರೆ ಡಂಜನ್ ಮಾಸ್ಟರ್, ಅವನೇ ಎಲ್ಲಾ ರಾಕ್ಷಸರ ವೇಷವನ್ನೂ ಕಟ್ಟಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದರಲ್ಲಿ ಮೊದಲನೇದು. ಕೆಳಗೆ ಕೊಟ್ಟ ಲೆಕ್ಕ ಎಲ್ಲ ಅದರ ಐದನೇ ಎಡಿಷನ್, 2014ರ ರೂಲ್ಸಿಂದು. ಬೇರೆ ಆಟ ಆಡುವವರು ನಂಬರ್ ಬಿಟ್ಟು ವಿಷಯ ತಗೊಳ್ಳಿ.

ಮೊದಲ ಹೆಜ್ಜೆ: ನೀವು ಆರಿಸ್ಬೇಡಿ

ವಿಲನ್ ಯಾರು ಅಂತ ಮನೆಯಲ್ಲೇ ಫಿಕ್ಸ್ ಮಾಡ್ಕೊಂಡು ಬಂದ್ರೆ ಕೆಲಸ ಕೆಡ್ತದೆ, ಯಾಕಂದ್ರೆ ಆಗ ಅದನ್ನು ಉಳಿಸ್ಲಿಕ್ಕೆ ನೀವು ಮೋಸ ಮಾಡ್ತೀರಿ, ಮತ್ತೆ ಪ್ಲೇಯರ್‌ಗಳಿಗೆ ಅದು ಕೂಡಲೇ ಗೊತ್ತಾಗ್ತದೆ. ಆರು ಗಾಬ್ಲಿನ್ ಬಿಡಿ, ಐದು ಸಾಯ್ಲಿ, ಆರನೇದು ಓಡ್ಲಿ. ಯಾವುದು ಉಳೀತದೋ ಅದೇ ನಿಮ್ಮ ಕ್ಯಾಂಡಿಡೇಟ್. ಎಲ್ಲ ಸತ್ರೆ ಸತ್ತವು, ಮುಂದಿನ ಜಗಳಕ್ಕೆ ಕಾಯಿರಿ.

ಓಡಬೇಕಾ ಬೇಡ್ವಾ ಅಂತ ನಿರ್ಧಾರ ಮಾಡ್ಲಿಕ್ಕೆ ಹಳೇ ರೂಲ್ ಒಂದುಂಟು, ನನಗೆ ಬಹಳ ಇಷ್ಟ. 1981ರ ಬೇಸಿಕ್ ರೂಲ್ಸಲ್ಲಿ ಪ್ರತಿ ಮಾನ್‌ಸ್ಟರಿಗೂ ಮೊರೇಲ್ ಅಂತ ಒಂದು ನಂಬರ್ ಇತ್ತು, ಗಾಬ್ಲಿನ್ನಿಗೆ 7. ಮೊದಲನೇ ಹೆಣ ಬಿದ್ದಾಗ ಒಮ್ಮೆ, ಅರ್ಧ ಗುಂಪು ಮಲಗಿದಾಗ ಇನ್ನೊಮ್ಮೆ ಎರಡು ಆರುಮುಖದ ದಾಳ ಹಾಕೋದು, 7ಕ್ಕಿಂತ ಮೇಲೆ ಬಿದ್ರೆ ಧೈರ್ಯ ಹೋಯ್ತು, ಓಟ. 36ರಲ್ಲಿ 15 ಸಲ ಹಾಗಾಗ್ತದೆ. ಈ ದಾಳವನ್ನು ಪರದೆಯ ಹಿಂದೆ ಅಲ್ಲ, ಎಲ್ಲರ ಎದುರೇ ಹಾಕಿ. ಗಾಬ್ಲಿನ್ ಓಡಿದ್ದು ಡಿಎಂನ ಹಠದಿಂದ ಅಲ್ಲ, ದಾಳದಿಂದ ಅಂತ ಕಣ್ಣಾರೆ ನೋಡಿದ್ರೆ ಯಾರೂ ಗುಣುಗುಡೋದಿಲ್ಲ.

ತಪ್ಪಿಸ್ಕೊಳ್ಳುವ ಲೆಕ್ಕ

ಇದು ಸ್ವಲ್ಪ ಉದ್ದ ಹೇಳ್ತೇನೆ, ಹೆಚ್ಚಿನವರು ಎಡವೋದು ಇಲ್ಲೇ. ಗಾಬ್ಲಿನ್ನಿಗೆ 7 ಹಿಟ್ ಪಾಯಿಂಟ್ (ಎಷ್ಟು ಏಟು ತಡ್ಕೊಳ್ತದೆ ಅನ್ನುವ ಲೆಕ್ಕ), ಆರ್ಮರ್ ಕ್ಲಾಸ್ 15 (ಏಟು ತಾಗ್ಲಿಕ್ಕೆ ಬೇಕಾದ ಅಂಕಿ), ಒಂದು ಟರ್ನಿಗೆ ಸ್ಪೀಡ್ 30 ಅಡಿ. ಪ್ರತಿ ಟರ್ನಿಗೆ ಒಂದು ಮುಖ್ಯ ಆ್ಯಕ್ಷನ್, ಜೊತೆಗೆ ಕೆಲವರಿಗೆ ಒಂದು ಸಣ್ಣ ಬೋನಸ್ ಆ್ಯಕ್ಷನ್. ಅದರ ಆಸ್ತಿ ಇರೋದು ನಿಂಬಲ್ ಎಸ್ಕೇಪಲ್ಲಿ: ಬೋನಸ್ ಆ್ಯಕ್ಷನಲ್ಲಿ ಡಿಸ್‌ಎಂಗೇಜ್ ಮಾಡಿ ಏಟು ತಿನ್ನದೆ ಜಾರಬಹುದು, ಆ್ಯಕ್ಷನಲ್ಲಿ ಡ್ಯಾಶ್ ಮಾಡಿ 60 ಅಡಿ ಓಡಬಹುದು. ಫೈಟರ್ (ಯೋಧನ ಪಾತ್ರ) ಅದರ ಹಿಂದೆ ಓಡಿದ್ರೆ ಅವನೂ ಡ್ಯಾಶ್ ಮಾಡ್ಬೇಕು, ಆಗ ಹೊಡೀಲಿಕ್ಕೆ ಆ್ಯಕ್ಷನ್ ಇಲ್ಲ. ಪೇಪರಲ್ಲಿ ಗಾಬ್ಲಿನ್ ಪಾಸ್. ಆದ್ರೆ ಎರಡನೇ ಲೆವೆಲಿನ ರೋಗ್ (ಕಳ್ಳನ ಪಾತ್ರ) ಬೋನಸ್ ಆ್ಯಕ್ಷನಲ್ಲೇ ಡ್ಯಾಶ್ ಮಾಡಿ 60 ಅಡಿ ಬಂದು ಹೊಡೆದೂ ಬಿಡ್ತಾನೆ. ವಿಝಾರ್ಡಿನ (ಮಂತ್ರವಾದಿಯ) ಮ್ಯಾಜಿಕ್ ಮಿಸೈಲಿಗೆ 120 ಅಡಿ ರೇಂಜ್, ತಪ್ಪೋದೇ ಇಲ್ಲ, ಮೂರು ಬಾಣ, ಬಾಣಕ್ಕೊಂದು ನಾಲ್ಕುಮುಖದ ದಾಳ, ಅದಕ್ಕೆ 1 ಸೇರಿಸೋದು, ಮೂರೂ ದಾಳ 1 ಬಿದ್ರೆ ಮಾತ್ರ ಒಟ್ಟು ಡ್ಯಾಮೇಜ್ 6 ಆಗಿ ಗಾಬ್ಲಿನ್ನಿಗೆ ಒಂದು ಹಿಟ್ ಪಾಯಿಂಟ್ ಉಳೀತದೆ, ಅದಕ್ಕೆ 64ರಲ್ಲಿ ಒಂದು ಚಾನ್ಸ್. ಅಂದ್ರೆ ಬಯಲಲ್ಲಿ ಓಡಿದ ಗಾಬ್ಲಿನ್ ಸತ್ತ ಗಾಬ್ಲಿನ್ ಅಂತಲೇ ತಿಳ್ಕೊಳ್ಳಿ. ಅದಕ್ಕೆ ಬೇಕಾದ್ದು ಸ್ಪೀಡ್ ಅಲ್ಲ, ಒಂದು ತಿರುವು.

ನಮ್ಮ ಕಾಸರಗೋಡು ಕಡೆಯವರಿಗೆ ಈ ತಿರುವು ಹುಡುಕ್ಲಿಕ್ಕೆ ದೂರ ಹೋಗ್ಬೇಕಾಗಿಲ್ಲ. ಬಾಯಾರು, ಪೆರ್ಲ ಕಡೆ ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಕೊರೆದ ನೀರಿನ ಸುರಂಗ ನೋಡಿದ್ದೀರಲ್ಲ, ಒಬ್ಬ ಬಗ್ಗಿ ಹೋಗುವಷ್ಟು ಅಗಲ, ಕಾಲಡಿಯಲ್ಲಿ ತಣ್ಣಗೆ ನೀರು, ಒಳಗೆ ಕತ್ತಲೆ, ಮೇಲೆ ಬಾವಲಿ, ಕೆಲವು ಕಡೆ ಒಳಗೊಳಗೇ ಕವಲು. ಅದನ್ನು ಹಾಗೇ ಮ್ಯಾಪಿಗೆ ಎತ್ತಿ ಹಾಕಿ. ಗಾಬ್ಲಿನ್ ಸ್ಮಾಲ್ ಸೈಜ್, ಮನುಷ್ಯ ಮೀಡಿಯಂ. ಚಿಕ್ಕ ಸೈಜಿನ ಜಾಗದಲ್ಲಿ ತೂರಿಕೊಂಡು ಹೋಗುವವನಿಗೆ ಪ್ರತಿ ಅಡಿಗೆ ಒಂದಡಿ ಹೆಚ್ಚು ಖರ್ಚು, ಅಂದ್ರೆ 30 ಅಡಿ ಓಡುವವ 15ಕ್ಕೆ ಇಳಿದ, ಮೇಲಿಂದ ಅವನ ಅಟ್ಯಾಕಿಗೆ ಡಿಸಡ್ವಾಂಟೇಜ್ (ಎರಡು ದಾಳ ಹಾಕಿ ಕಮ್ಮಿ ಬಿದ್ದದ್ದೇ ಲೆಕ್ಕ). ಒಂದು ಬಾಗು ದಾಟಿದ್ರೆ ವಿಝಾರ್ಡಿಗೆ ಗುರಿಯೂ ಇಲ್ಲ. ಗಾಬ್ಲಿನ್ ಪಾರಾಯ್ತು, ನೀವು ಒಂದು ರೂಲನ್ನೂ ಮುರೀಲಿಲ್ಲ. ಪಾರ್ಟಿಯಲ್ಲಿ (ಪ್ಲೇಯರ್ಗಳ ತಂಡದಲ್ಲಿ) ಹಾಫ್ಲಿಂಗ್, ಅಂದ್ರೆ ಕುಳ್ಳ ಜಾತಿಯವ, ಇದ್ರೆ ಅವ ಮಾತ್ರ ಒಳಗೆ ಆರಾಮಾಗಿ ಬರ್ತಾನೆ, ಬರ್ಲಿ, ಆ ಕತ್ತಲಲ್ಲಿ ಅವ ಒಬ್ಬನೇ ಇರ್ತಾನಲ್ಲ, ಅದೂ ಒಳ್ಳೇ ಸೀನೇ.

ಓಡುವಾಗ ಏನಾದ್ರೂ ಕೈಯಲ್ಲಿ ಹಿಡ್ಕೊಂಡೇ ಓಡ್ಲಿ. ನಮ್ಮ ಬದಿಯಡ್ಕದ ಟೇಬಲಿನಲ್ಲಿ ಸುರಂಗದ ಬಾಯಲ್ಲಿ ಇಟ್ಟಿದ್ದ ಪ್ಯಾಲಡಿನ್ನಿನ (ಧರ್ಮಯೋಧನ ಪಾತ್ರ) ಲಾಟೀನನ್ನೇ ಒಂದು ಗಾಬ್ಲಿನ್ ಎತ್ಕೊಂಡು ಹೋಯ್ತು. ಚಿನ್ನ ಹೋದ್ರೆ ಅಷ್ಟು ಸಿಟ್ಟು ಬರ್ತಿರ್ಲಿಲ್ಲ, ಲಾಟೀನು ಹೋಗಿ ಎಲ್ಲ ಕತ್ತಲಲ್ಲಿ ತಡಕಾಡಿದ್ದು, ಅದು ಉರಿ. ಆ ಕ್ಷಣದಿಂದ ಅದರ ಹೆಸರೇ ಲಾಟೀನು ಅಂತಾಯ್ತು. ಹೆಸರನ್ನು ಡಿಎಂ ಇಡಬಾರದು, ಪ್ಲೇಯರ್‌ಗಳೇ ಇಡಬೇಕು. ನೀವು ಗ್ರಜ್‌ನಾಕ್ ಅಂತ ಏನೋ ಬರ್ಕೊಂಡು ಬಂದಿದ್ರೂ ಅವರು ಲಾಟೀನು ಅಂದ ಮೇಲೆ ಲಾಟೀನೇ, ನಿಮ್ಮ ಪೇಪರ್ ಹರಿದು ಹಾಕಿ.

ಎರಡನೇ ಸಲಕ್ಕೆ ಮುಂಚೆ ಮೂರು ಸಾಲು

ಸೆಷನ್ ಮುಗಿದ ರಾತ್ರಿಯೇ ನೋಟ್‌ಬುಕ್ಕಲ್ಲಿ ಬರೆದಿಡಿ: ಅದು ಎಂಥ ನೋಡಿದೆ, ಎಂಥ ಕಳ್ಕೊಂಡಿದೆ, ಈಗ ಅದಕ್ಕೆ ಎಂಥ ಬೇಕು. ಇಷ್ಟೇ. ನಾಲ್ಕನೇ ಸಾಲು ಬರೀಲಿಕ್ಕೆ ಹೊರಟ್ರೆ ಪುನಃ ಕರಿ ಕೋಟೆ, ಶಾಪ ಅಂತ ಶುರುವಾಗ್ತದೆ.

ಲಾಟೀನು ನೋಡಿದ್ದು ಏನಂದ್ರೆ, ವಿಝಾರ್ಡ್ ಸ್ಲೀಪ್ ಮಂತ್ರ ಹಾಕಿದಾಗ ಒಟ್ಟಿಗೆ ನಿಂತಿದ್ದ ಅದರ ಜೊತೆಯವರು ದೊಪ್ಪ ಅಂತ ಬಿದ್ದರು. ಸ್ಲೀಪ್ ಒಂದು ಬಿಂದುವಿನ ಸುತ್ತ 20 ಅಡಿಯೊಳಗೆ, ಹಿಟ್ ಪಾಯಿಂಟ್ ಕಮ್ಮಿ ಇದ್ದವರನ್ನು ಮೊದಲು ಮಲಗಿಸ್ತದೆ. ಎರಡನೇ ಸಲ ಅದು ಬಂದಾಗ ಅದರ ಆಳುಗಳು ತೋಟದಲ್ಲಿ ಒಂದೊಂದು ಅಡಿಕೆ ಮರದ ಹಿಂದೆ ಒಬ್ಬೊಬ್ಬರು, ದೂರ ದೂರ. ವಿಝಾರ್ಡ್ ಆಡುವ ಹುಡುಗಿ ಮಂತ್ರ ಹೇಳ್ಲಿಕ್ಕೆ ಬಾಯಿ ತೆರೆದವಳು ಮ್ಯಾಪ್ ನೋಡಿ ಬಾಯಿ ಮುಚ್ಚಿದಳು, ಆಚೆಯಿಂದ ಪ್ಯಾಲಡಿನ್ನು, "ಎಂಥ ಮಾರಾಯ್ತಿ, ಅದು ನಿನ್ನಿಂದಲೇ ಕಲ್ತದ್ದು!" ಅಂದ. ವಿಲನ್ ಹುಟ್ಟುವುದು ಹಾಗೆ. ಹಿಟ್ ಪಾಯಿಂಟ್ ಏರಿಸಿದ್ರೆ ಅದು ಗಟ್ಟಿ ಆಗ್ತದೆ ಅಷ್ಟೇ, ಪ್ಲೇಯರ್‌ಗಳು ಮಾಡಿದ್ದನ್ನು ನೆನಪಿಟ್ಕೊಂಡ್ರೆ ಮಾತ್ರ ಅದು ಅವರ ವಿಲನ್ ಆಗ್ತದೆ.

ದ್ವೇಷಕ್ಕೂ ಕಾರಣ ಅಲ್ಲೇ ಹುಡುಕಿ. ಅಶ್ವಸೇನನ ಕಥೆ ಗೊತ್ತಲ್ಲ, ಖಾಂಡವ ವನ ಸುಡುವಾಗ ತಪ್ಪಿಸ್ಕೊಂಡ ತಕ್ಷಕನ ಮಗ. ತಾಯಿ ಅವನನ್ನು ಉಳಿಸ್ಲಿಕ್ಕೆ ಹೋಗಿ ಅರ್ಜುನನ ಬಾಣಕ್ಕೆ ಸತ್ತಳು. ಆದಿಪರ್ವದಲ್ಲಿ ಮಾಯವಾದ ಆ ಸಣ್ಣ ಹಾವು ಕರ್ಣಪರ್ವದಲ್ಲಿ ಕರ್ಣನ ಬಾಣಕ್ಕೆ ಬಂದು ಕೂರ್ತದೆ, ಅರ್ಜುನನ ಕಿರೀಟ ಹಾರಿಸ್ತದೆ. ನಡುವೆ ಎಷ್ಟು ಪರ್ವ ಕಳೀತು! ಅಷ್ಟು ಹೊತ್ತೂ ಅದರ ಸುದ್ದಿಯೇ ಇಲ್ಲ. ನೀವೂ ಹಾಗೆ ಮಾಡಿ, ಪ್ರತಿ ಸೆಷನ್ನಿಗೂ ತರಬೇಡಿ, ನಡುವೆ ಎರಡು ಮೂರು ಬೇರೆ ಕಥೆ ಆಗ್ಲಿ, ಸುದ್ದಿ ಮಾತ್ರ ಆಗಾಗ ಬರ್ತಾ ಇರ್ಲಿ.

ಸುದ್ದಿ ಹೇಗೆ ಬರ್ಬೇಕು ಅಂದ್ರೆ ನಮ್ಮ ತೆಂಕುತಿಟ್ಟು ಯಕ್ಷಗಾನದ ಮಹಿಷಾಸುರನ ಹಾಗೆ. ಅವ ರಂಗಸ್ಥಳಕ್ಕೆ ಮುಂದಿನಿಂದ ಬರೋದಿಲ್ಲ, ಪ್ರೇಕ್ಷಕರ ಹಿಂದೆ ಎಲ್ಲೋ ಮೊದಲು ಅಬ್ಬರ ಕೇಳ್ತದೆ, ದೊಂದಿ ಬೆಳಕು ಕಾಣ್ತದೆ, ನಿದ್ದೆ ತೂಗ್ತಿದ್ದ ಮಕ್ಕಳೆಲ್ಲ ಎದ್ದು ಅಮ್ಮನ ಸೆರಗು ಹಿಡ್ಕೊಳ್ತಾರೆ, ವೇಷ ಕಾಣೋದು ಆಮೇಲೆ. ಲಾಟೀನು ಬರುವ ಮೊದಲು ನಾನು ಬೇರೆ ಏನೂ ಹೇಳೋದಿಲ್ಲ, "ಗುಡ್ಡದ ಆಚೆ ಒಂದು ಬೆಳಕು, ಗಾಜು ಒಡೆದ ಕಾರಣ ಒಂದು ಬದಿಗೆ ಮಾತ್ರ ಬೀಳ್ತಾ ಉಂಟು" ಅಂತ ಹೇಳಿ ಚಾ ಕುಡೀತೇನೆ. ಕೆಲಸ ಆಯ್ತು.

ಒಂದು ಎಚ್ಚರಿಕೆ. ನಮ್ಮಲ್ಲಿ ಒಂದೇ ಟೇಬಲಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ನಡೀತದೆ. ವಿಲನ್ನಿಗೆ ಒಂದು ಸ್ಟೈಲ್ ಬೇಕು ಅಂತ ಅದರ ಬಾಯಲ್ಲಿ ಯಾರದ್ದೋ ಮನೆಮಾತನ್ನು ಅಣಕ ಮಾಡಿ ಆಡಿಸ್ಬೇಡಿ, ಮೊದಲು ನಗು ಬರ್ತದೆ, ಆಮೇಲೆ ಒಬ್ಬ ಸುಮ್ಮನಾಗ್ತಾನೆ. ಒಂದು ಅಭ್ಯಾಸ ಕೊಡಿ ಸಾಕು, ಮೂಗು ಎಳೆಯೋದು, ಮಾತಿಗೆ ಮೊದಲು ಎಣಿಸೋದು, ಹೀಗೆ.

ನಂಬರ್ ಹೇಗೆ ಏರಿಸೋದು

ಇದು ಸುಲಭ. ಎರಡನೇ ಭೇಟಿಗೆ ಗಾಬ್ಲಿನ್ ಬಾಸಿನ ಅಂಕಿ ಹಾಕಿ: ಹಿಟ್ ಪಾಯಿಂಟ್ 21, ಆರ್ಮರ್ ಕ್ಲಾಸ್ 17, ಚಾಲೆಂಜ್ (ಎಷ್ಟು ಕಷ್ಟದ ಎದುರಾಳಿ ಅನ್ನುವ ಅಂಕಿ) 1. ಅದರ ರಿಡೈರೆಕ್ಟ್ ಅಟ್ಯಾಕ್ ಅಂತೂ ಚಿನ್ನ, ಹೊಡೀಲಿಕ್ಕೆ ಬಂದಾಗ ಪಕ್ಕದ 5 ಅಡಿಯೊಳಗಿನ ಇನ್ನೊಂದು ಗಾಬ್ಲಿನ್ನನ್ನು ಎಳೆದು ತನ್ನ ಜಾಗದಲ್ಲಿ ನಿಲ್ಲಿಸ್ತದೆ, ಏಟು ಅದಕ್ಕೆ. ಒಂದು ಸಲ ಮಾಡಿ ನೋಡಿ, ಟೇಬಲ್ ಇಡೀ ಬೈತದೆ. ಮುಂದಕ್ಕೆ ಬ್ಯಾಂಡಿಟ್ ಕ್ಯಾಪ್ಟನ್‌ನ ಅಂಕಿ ಎತ್ತಿ ಗಾಬ್ಲಿನ್ ಅಂತ ಹೇಳಿದ್ರೂ ನಡೀತದೆ, ಅದಕ್ಕೆ 65 ಹಿಟ್ ಪಾಯಿಂಟ್, ಒಂದು ಟರ್ನಿಗೆ ಮೂರು ಅಟ್ಯಾಕ್. ಹೊಸದಾಗಿ ಕೂತು ಲೆಕ್ಕ ಕಟ್ಟುವ ಕರ್ಮ ಬೇಡ.

ಆದ್ರೆ ಒಂದು ಗೋಡೆ ಉಂಟು, ಐದನೇ ಲೆವೆಲ್. ಅಲ್ಲಿ ಫೈಟರಿಗೆ ಎರಡು ಏಟು, ವಿಝಾರ್ಡಿಗೆ ಫೈರ್‌ಬಾಲ್. ಫೈರ್‌ಬಾಲ್ ಅಂದ್ರೆ ಎಂಟು ಆರುಮುಖದ ದಾಳ, ಸರಾಸರಿ 28. 21 ಹಿಟ್ ಪಾಯಿಂಟಿನ ಬಾಸ್ ಸೇವ್ (ಬಚಾವಾಗ್ಲಿಕ್ಕೆ ಹಾಕುವ ದಾಳ) ತಪ್ಪಿದ್ರೆ ಹೆಚ್ಚಿನ ಸಲ ಅಲ್ಲೇ ಬೂದಿ. ಹಾಗಾಗಿ ಮೂರನೇ ಭೇಟಿ ಜಗಳ ಆಗಬಾರದು ಅಂತ ನನ್ನ ಅಭಿಪ್ರಾಯ.

ಇದಕ್ಕೆ ಮಾರೀಚನಿಗಿಂತ ಒಳ್ಳೇ ಮಾಡೆಲ್ ಇಲ್ಲ. ಮೊದಲನೇ ಸಲ ಅವ ವಿಶ್ವಾಮಿತ್ರರ ಯಜ್ಞ ಕೆಡಿಸ್ಲಿಕ್ಕೆ ಬಂದ, ಸುಬಾಹು ಸತ್ತ, ಇವನನ್ನು ರಾಮನ ಬಾಣ ನೂರು ಯೋಜನ ದೂರ ಸಮುದ್ರಕ್ಕೆ ಒಗೆಯಿತು. ಎರಡನೇ ಸಲ ದಂಡಕದಲ್ಲಿ ಮೃಗದ ರೂಪದಲ್ಲಿ ಇನ್ನಿಬ್ಬರನ್ನು ಕಟ್ಕೊಂಡು ಮೈಮೇಲೆ ಹೋದ, ಆ ಇಬ್ಬರೂ ಸತ್ತರು, ಇವ ಪುನಃ ಬಚಾವ್. ಆಮೇಲೆ ಅವನ ಸ್ಥಿತಿ ಹೇಗಾಯ್ತು ಅಂದ್ರೆ ರತ್ನ, ರಥ ಅಂತ ರಕಾರದ ಶಬ್ದ ಕೇಳಿದ್ರೂ ಹೆದರಿಕೆ ಆಗ್ತದೆ ಅಂತ ರಾವಣನ ಹತ್ರ ಹೇಳ್ತಾನೆ. ಮೂರನೇ ಸಲ ಅವ ಹೊಡೆದಾಡ್ಲಿಕ್ಕೇ ಬರ್ಲಿಲ್ಲ, ಚಿನ್ನದ ಜಿಂಕೆಯಾಗಿ ಬಂದು ಮನೆ ಬಿಟ್ಟು ದೂರ ಎಳೆದ, ಅಷ್ಟರಿಂದ ಇಡೀ ರಾಮಾಯಣ ತಿರುಗಿತು. ಇಲ್ಲಿ ಎರಡು ವಿಷಯ ಕದೀಬಹುದು. ಒಂದು, ಸೋತ ಮಾನ್‌ಸ್ಟರಿಗೆ ಹೆದರಿಕೆ ಇರ್ಲಿ, ಎಲ್ಲಾ ವಿಲನ್ನೂ ಗಹಗಹಿಸಿ ನಗಬೇಕು ಅಂತ ಇಲ್ಲ, ಪ್ಯಾಲಡಿನ್ನನ್ನು ಕಂಡ್ರೆ ಕೈ ನಡುಗುವ ಗಾಬ್ಲಿನ್ ಹೆಚ್ಚು ಅಪಾಯಕಾರಿ. ಇನ್ನೊಂದು, ಅದಕ್ಕೊಬ್ಬ ದೊಡ್ಡ ಯಜಮಾನ ಸಿಗ್ಲಿ. ನಾಲ್ಕು ಪುಟ ಪೂರ್ವಕಥೆಯ ನಿಮ್ಮ ಆ ಕರಿ ಕೋಟೆಯವ ಇದ್ದಾನಲ್ಲ, ಅವನಿಗೆ ಈಗ ಉದ್ಯೋಗ ಬಂತು. ಪಾರ್ಟಿಯ ಗುಟ್ಟು ಗೊತ್ತಿರುವ ಗಾಬ್ಲಿನ್ ಅವನ ಹತ್ರ ಉಂಟು.

ಹಾಗಾಗಿ ಮೂರನೇ ಭೇಟಿಯನ್ನು ಕತ್ತಿ ಎಳೀಲಿಕ್ಕೆ ಆಗದ ಜಾಗದಲ್ಲಿ ಇಡಿ. ಜಾತ್ರೆಯ ರಶ್ಶಿನ ನಡುವೆ, ರಾಜನ ಸಭೆಯಲ್ಲಿ ಸಂಧಾನಕ್ಕೆ ಬಂದವರ ಸಾಲಿನಲ್ಲಿ, ಇಲ್ಲವೇ ಹೊಳೆಯ ಆಚೆ ದಡದಲ್ಲಿ, ದೋಣಿ ಅದರ ಬದಿಗೆ. ಮಾತಾಡ್ಲಿ, ಬೆಲೆ ಹೇಳ್ಲಿ, ಬೇಕಾದ್ರೆ ಒಂದು ನಿಜವಾದ ಉಪಕಾರವನ್ನೂ ಮಾಡ್ಲಿ.

ಬಲ ಇಲ್ಲದ ಮಾನ್‌ಸ್ಟರ್ ಬರೀ ಬುದ್ಧಿಯಿಂದ ದೊಡ್ಡ ಪಾರ್ಟಿಯನ್ನು ನೀರು ಕುಡಿಸೋದು ಹೊಸತೇನಲ್ಲ. ಡ್ರ್ಯಾಗನ್ ಪತ್ರಿಕೆಯ 1987ರ ನವೆಂಬರ್ ಸಂಚಿಕೆಯ ಸಂಪಾದಕೀಯದಲ್ಲಿ ಬಂದ ಟಕರ್ಸ್ ಕೋಬೋಲ್ಡ್ಸ್ ಹಳೇ ಆಟಗಾರರಿಗೆ ಇವತ್ತಿಗೂ ಬಾಯಿಪಾಠ, ಕೋಬೋಲ್ಡ್ ಅಂದ್ರೆ ಗಾಬ್ಲಿನ್ನಿಗಿಂತಲೂ ಕೆಳಗೆ, ಅವು ಬೆಂಕಿ, ಬಾಗಿಲು, ಸಂದುಗೊಂದು ಇಷ್ಟನ್ನೇ ಇಟ್ಕೊಂಡು ಹೈ ಲೆವೆಲ್ ಪಾರ್ಟಿಯನ್ನು ಓಡಿಸಿದವು.

ಸಾಯುವಾಗ

ಎರಡನೇ ಭೇಟಿಯಲ್ಲೇ ಸತ್ರೆ? ಸಾಯ್ಲಿ. ಸೊನ್ನೆ ಹಿಟ್ ಪಾಯಿಂಟಿಗೆ ಬಂದ ಮುಖ್ಯ ವಿಲನ್ನಿಗೆ ಪ್ಲೇಯರ್‌ಗಳ ಹಾಗೆ ಡೆತ್ ಸೇವ್ (ಸಾವೋ ಬದುಕೋ ಅಂತ ನಿರ್ಧರಿಸುವ ದಾಳ) ಕೊಡಬಹುದು ಅಂತ ರೂಲ್ ಪುಸ್ತಕವೇ ಹೇಳ್ತದೆ, ಆದ್ರೆ ಅದನ್ನು ಕ್ಯಾಂಪೇನಿನ ಶುರುವಿನಲ್ಲೇ ಎಲ್ಲರಿಗೂ ಹೇಳಿಟ್ಟಿರ್ಬೇಕು, ಸತ್ತ ಮೇಲೆ ನೆನಪಾಗಬಾರದು. ಹೆಣವನ್ನು ಪರೀಕ್ಷೆ ಮಾಡಿ, ತಲೆ ಕಡಿದು, ಸುಟ್ಟು ಹಾಕಿದ್ರೆ ಅಲ್ಲಿಗೆ ಮುಗೀತು, "ಅದು ಅದರ ಅವಳಿ ಆಗಿತ್ತು" ಅನ್ನುವ ಸೀರಿಯಲ್ ಬುದ್ಧಿ ತೋರಿಸ್ಬೇಡಿ. ಕಥೆ ಮುಂದುವರೀಬೇಕಾದ್ರೆ ಬಕ ಸತ್ತ ಮೇಲೆ ಅವನ ಸಹೋದರ ಕಿರ್ಮೀರ ಕಾಮ್ಯಕ ವನದಲ್ಲಿ ಭೀಮನಿಗೆ ಅಡ್ಡ ನಿಂತ ಹಾಗೆ, ಬೇರೆ ಒಬ್ಬ ಬರ್ಲಿ, ಅವನ ಕೈಯಲ್ಲಿ ಬೇರೆ ಆಯುಧ ಇರ್ಲಿ, ಅವನಿಗೆ ಪಾರ್ಟಿಯ ಬಗ್ಗೆ ಗೊತ್ತಿರೋದೂ ಅಷ್ಟಕ್ಕಷ್ಟೇ ಇರ್ಲಿ.

ಕೊನೆಯ ಜಗಳ ಎಲ್ಲಿ ಅಂತ ಮಾತ್ರ ಪ್ಲೇಯರ್‌ಗಳೇ ನಿರ್ಧಾರ ಮಾಡ್ಲಿ. ಅಷ್ಟು ದಿನ ಅದು ಬಂದಲ್ಲಿ ಇವರು ಸಿಕ್ಕಿಬಿದ್ದದ್ದು, ಈ ಸಲ ಇವರೇ ಬಲೆ ಕಟ್ಲಿ, ಸುರಂಗದ ಎರಡೂ ಬಾಯಿ ಮುಚ್ಚಲಿ, ರೋಗ್ ಮೊದಲೇ ಹೋಗಿ ಕೂರ್ಲಿ. ಪ್ಲಾನ್ ಸರಿ ಇದ್ರೆ ಗಾಬ್ಲಿನ್ ಒಂದು ರೌಂಡಲ್ಲೇ ಸತ್ರೂ ನೀವು ನಡುವೆ ಬಾಯಿ ಹಾಕಿ ಹಿಟ್ ಪಾಯಿಂಟ್ ಸೇರಿಸ್ಬೇಡಿ. ಬದಲಿಗೆ ನಿಮ್ಮ ದಾಳ ಕೆಳಗಿಟ್ಟು, ಕೊನೇ ಏಟು ಹೇಗೆ ಬಿತ್ತು ಅಂತ ಹೊಡೆದವರ ಬಾಯಿಂದಲೇ ಹೇಳಿಸಿ.