ಒಂದೇ ದಿನದ ಪಾತ್ರ: ನಗುವ ಮನೆಯಲ್ಲೂ, ಕೊಲೆಯಾದ ಮನೆಯಲ್ಲೂ

ಧಾರಾವಾಹಿಗಳಲ್ಲಿ ಬಂದು ಹೋಗುವ ಪಾತ್ರಗಳೇ ನನ್ನ ಕಸುಬು. ಮನೆ ಓನರ್, ಮದುವೆ ಬ್ರೋಕರ್, ಕಾಂಪೌಂಡರ್, ಗಿರವಿ ಅಂಗಡಿಯವನು, ಸತ್ತವನ ಅಣ್ಣ. ಒಂದು ಎಪಿಸೋಡು, ಹೆಚ್ಚೆಂದರೆ ಒಂದು ವಾರದ ಕಥೆ. ಹವ್ಯಾಸಿ ನಾಟಕ ತಂಡಗಳಿಂದ ಬರುವ ಹುಡುಗರು ಕೇಳ್ತಾನೇ ಇರ್ತಾರೆ, ಬೆಳಿಗ್ಗೆ ಸೀನ್ ಪೇಪರ್ ಕೈಗೆ ಸಿಕ್ಕಿ ಸಂಜೆ ಮುಗಿದುಹೋಗುವ ಪಾತ್ರವನ್ನು ಹಿಡಿಯೋದು ಹೇಗೆ ಸಾರ್ ಅಂತ. ನಾನು ಹೇಗೆ ಮಾಡುತ್ತೇನೆ ಅನ್ನುವುದನ್ನು ಬರೆಯುತ್ತೇನೆ.

ಪೇಪರ್ ಸಿಕ್ಕ ತಕ್ಷಣ ನಾನು ಮಾತು ಎಷ್ಟಿದೆ ಅಂತ ನೋಡುವುದಿಲ್ಲ. ಇವನು ಈ ಮನೆಗೆ ಯಾವ ಕೆಲಸಕ್ಕೆ ಬಂದ, ಅದು ಆಗದಿದ್ದರೆ ಇವನಿಗೆ ಏನು ನಷ್ಟ, ಅಷ್ಟನ್ನೇ ಹುಡುಕುತ್ತೇನೆ. ಹಾಸ್ಯವಾದರೂ ಇದೇ, ಪತ್ತೇದಾರಿಯಾದರೂ ಇದೇ.

ಹಾಸ್ಯ ಧಾರಾವಾಹಿಯಲ್ಲಿ ಜನ ನನ್ನನ್ನು ನೋಡಲು ಟಿವಿ ಹಾಕಿರುವುದಿಲ್ಲ. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ನೆನಪಿದೆ ಅಲ್ವಾ? ಮನೆಗೆ ಯಾರೇ ಬರಲಿ, ನಮ್ಮ ಕಣ್ಣು ಇರುತ್ತಿದ್ದದ್ದು ಶ್ರೀಮತಿ ಈಗ ಏನು ಮಾಡ್ತಾಳೆ, ಪಾಂಡು ಹೇಗೆ ಸಿಕ್ಕಿಹಾಕಿಕೊಳ್ತಾನೆ ಅನ್ನುವುದರ ಮೇಲೆ. ಬಂದವನು ತಾನೇ ನಗಿಸಲು ಹೊರಟರೆ ಮನೆಯವರಿಗೆ ಮಾಡಲು ಏನೂ ಉಳಿಯುವುದಿಲ್ಲ. ನನ್ನ ಮದುವೆ ಬ್ರೋಕರ್ ಪಾತ್ರದಲ್ಲಿ ಮನೆಯವರು ನನ್ನನ್ನು ಸಾಲ ವಸೂಲಿಗೆ ಬಂದವನು ಅಂದುಕೊಂಡಿರುತ್ತಾರೆ. ವಿಚಿತ್ರ ನಡಿಗೆ, ಕೀರಲು ದನಿ ಯಾವುದೂ ನನಗೆ ಬೇಕಾಗಲಿಲ್ಲ. ಕವರಿನಿಂದ ಹುಡುಗನ ಫೋಟೋ ತೆಗೆದು ತೋರಿಸಬೇಕು, ಕಮಿಷನ್ ಮಾತಾಡಬೇಕು, ಮಧ್ಯಾಹ್ನದ ಬಸ್ಸು ಹಿಡಿಯಬೇಕು, ಅಷ್ಟೇ ಇಟ್ಟುಕೊಂಡೆ. ಪ್ರತಿ ಸಲ ಕವರಿಗೆ ಕೈ ಹಾಕಿದಾಗಲೂ ಅವರು ಬೆಚ್ಚಿಬೀಳುತ್ತಾರೆ, ನನಗೆ ಯಾಕೆ ಅಂತ ಗೊತ್ತಿಲ್ಲ. ಆ ಗೊತ್ತಿಲ್ಲದಿರುವುದನ್ನು ಕೊನೆವರೆಗೂ ಪ್ರಾಮಾಣಿಕವಾಗಿ ಉಳಿಸಿಕೊಂಡರೆ ದೃಶ್ಯ ತಾನಾಗಿಯೇ ಗೆಲ್ಲುತ್ತದೆ.

ನಾಟಕದವರಿಗೆ ಇಲ್ಲಿ ಒಂದು ಕಷ್ಟ ಇದೆ. ರಂಗದ ಮೇಲೆ ಜನ ನಕ್ಕರೆ ನಾವು ಆ ನಗು ಇಳಿಯುವವರೆಗೆ ಕಾಯುತ್ತೇವೆ. ಸೆಟ್ಟಿನಲ್ಲಿ ಲೈವ್ ಸೌಂಡ್ ಇದ್ದರೆ, ಅಂದರೆ ಮಾತನ್ನು ಅಲ್ಲೇ ರೆಕಾರ್ಡ್ ಮಾಡುತ್ತಿದ್ದರೆ, ಯಾರೂ ನಗುವ ಹಾಗಿಲ್ಲ, ಎಲ್ಲ ಗಪ್‌ಚುಪ್. ಆಗ ಮೌನಕ್ಕೆ ಹೆದರಿ ಮಾತಿನ ಮೇಲೆ ಮಾತು ಹಾಕಬೇಡಿ. ಎದುರಿನವರ ಮಾತು ಪೂರ್ತಿ ಮುಗಿಯಲಿ, ಒಂದು ಉಸಿರು ಬಿಟ್ಟು ಶುರು ಮಾಡಿ. ಎಡಿಟರ್‌ಗೆ ಆ ಖಾಲಿ ಜಾಗ ಬೇಡವಾದರೆ ಕತ್ತರಿಸುತ್ತಾರೆ, ಆದರೆ ಎರಡು ದನಿ ಒಂದರ ಮೇಲೊಂದು ಬಿದ್ದರೆ ಬಿಡಿಸುವುದು ಕಷ್ಟ.

ಇನ್ನು ಕೊಲೆ ಕಥೆಗಳು. ನನಗೆ ಇವು ಹೆಚ್ಚು ಇಷ್ಟ. ಯಾಕೆಂದರೆ ಇಲ್ಲಿ ಬಂದು ಹೋಗುವವರ ಮೇಲೇ ಕಥೆ ನಿಂತಿರುತ್ತದೆ. ಸದಾನಂದ ಸುವರ್ಣರ 'ಗುಡ್ಡದ ಭೂತ' ದೂರದರ್ಶನದಲ್ಲಿ ಬರುತ್ತಿದ್ದಾಗ ನಾವೆಲ್ಲ ಮುದುಡಿ ಕೂತು ನೋಡುತ್ತಿದ್ದೆವು, ನನಗೆ ಭಯ ಹುಟ್ಟುತ್ತಿದ್ದದ್ದು ಊರಿನವರು ಆ ಭೂತದ ಬಗ್ಗೆ ಮಾತಾಡುವ ರೀತಿಯಿಂದಲೇ.

ಅನುಮಾನ ಬರಬೇಕಾದ ಪಾತ್ರ ಅಂದ ಕೂಡಲೇ ಹೊಸಬರು ಕಣ್ಣು ಓರೆ ಮಾಡಿ, ಬೆವರು ಒರೆಸಿಕೊಂಡು ಮಾಡ್ತಾರೆ. ಆದರೆ ಸುಳ್ಳು ಹೇಳುವ ಮನುಷ್ಯನ ಶಕ್ತಿಯೆಲ್ಲ ಹೋಗುವುದು ನಂಬಿಸುವುದಕ್ಕೆ. ಅವನು ಇನ್ಸ್‌ಪೆಕ್ಟರ್‌ಗೆ ಕುರ್ಚಿ ಕೊಡುತ್ತಾನೆ, ಕಾಫಿ ತರಿಸುತ್ತಾನೆ, ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಉತ್ತರ ಹೇಳುತ್ತಾನೆ.

ದೈನಿಕ ಧಾರಾವಾಹಿಯಾದರೆ ಕೊಲೆಗಾರ ಯಾರು ಅಂತ ಬರೆಯುವವರೂ ಇನ್ನೂ ತೀರ್ಮಾನ ಮಾಡಿರದೇ ಇರಬಹುದು. ಹಾಗಾಗಿ ನಾನು ಸಂಭಾಷಣೆ ಬರೆಯುವವರನ್ನು ಕೇಳುವುದು ಒಂದೇ ಪ್ರಶ್ನೆ: "ಸಾರ್, ಆ ರಾತ್ರಿ ನಾನು ಎಲ್ಲಿದ್ದೆ?" ಉತ್ತರ ಸಿಕ್ಕರೆ ಸರಿ. ಸಿಗದಿದ್ದರೆ ನಾನೇ ಒಂದು ಜಾಗ ಗೊತ್ತು ಮಾಡಿಕೊಳ್ಳುತ್ತೇನೆ, ಮನೆಯವರಿಗೆ ತಿಳಿಯಬಾರದ, ಆದರೆ ಕೊಲೆಗೆ ಸಂಬಂಧವಿಲ್ಲದ ಜಾಗ. ಗಿರವಿ ಅಂಗಡಿಯವನು ಮಾಡುವಾಗ, ಯಾರಿಗೂ ಗೊತ್ತಾಗದ ಹಾಗೆ ತಂಗಿಗೆ ದುಡ್ಡು ಕೊಟ್ಟು ಬಂದಿದ್ದೆ ಅಂದುಕೊಂಡೆ. ಇನ್ಸ್‌ಪೆಕ್ಟರ್ ರಾತ್ರಿಯ ಮಾತೆತ್ತಿದಾಗ ಮುಚ್ಚಿಡಲು ನನ್ನ ಹತ್ತಿರ ನಿಜವಾಗಿ ಏನೋ ಇತ್ತು. ಮುಂದೆ ನನ್ನನ್ನೇ ಕೊಲೆಗಾರ ಮಾಡಿದರೂ, ಬಿಟ್ಟುಬಿಟ್ಟರೂ ಆ ಮುಖ ಹೊಂದುತ್ತದೆ. ನಿರ್ದೇಶಕರು "ಒಂದು ಲುಕ್ ಕೊಡಿ" ಅಂದಾಗ ಸುಮ್ನೆ ಶೂನ್ಯ ನೋಡಬೇಡಿ, ಬೀಗದ ಕೈಯನ್ನೋ ಲೆಕ್ಕದ ಪುಸ್ತಕವನ್ನೋ ನೋಡಿ. ಉಳಿದದ್ದನ್ನು ಹಿನ್ನೆಲೆ ಸಂಗೀತದವರು ನೋಡಿಕೊಳ್ಳುತ್ತಾರೆ.

ಕೇಳಿಸಿಕೊಳ್ಳುವುದನ್ನು ಕಲಿಯಬೇಕಾದರೆ ಟಿ. ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯಗಳನ್ನು ಮತ್ತೆ ನೋಡಿ. ಕಟಕಟೆಯಲ್ಲಿ ನಿಂತ ಸಾಕ್ಷಿಯ ಪಾತ್ರ ಬೆಳೆಯುವುದು ಪ್ರಶ್ನೆ ಕೇಳಿಸಿಕೊಳ್ಳುವಾಗ. ಉತ್ತರ ಬರುವಷ್ಟರಲ್ಲಿ ನಮಗೆ ಆ ಮನುಷ್ಯ ಅರ್ಧ ಗೊತ್ತಾಗಿರುತ್ತಾನೆ. 1986ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಕಟ್ಟಿದ 'ಮಾಲ್ಗುಡಿ ಡೇಸ್' ಕೂಡ ನೋಡಿ. ಕಥೆ ಬದಲಾದಾಗ ಪಾತ್ರಗಳೂ ಬದಲು. ಒಂದೇ ಕಥೆಗೆ ಬಂದವರೂ ಆ ಊರಲ್ಲೇ ಹುಟ್ಟಿ ಬೆಳೆದವರ ಹಾಗೆ ಕಾಣುತ್ತಾರೆ. ಇಂದಿಗೂ ನನಗೆ ಅದೇ ಪಾಠಶಾಲೆ.

ಬಟ್ಟೆ ನಾವೇ ಒಯ್ಯಬೇಕಾಗುವುದೇ ಹೆಚ್ಚು. ಅಚ್ಚ ಬಿಳಿ ಬೇಡ, ಸಣ್ಣ ಗೆರೆಗಳ ಶರ್ಟಂತೂ ಬೇಡವೇ ಬೇಡ, ಕ್ಯಾಮೆರಾದಲ್ಲಿ ಗೆರೆ ಅಲುಗಾಡಿದ ಹಾಗೆ ಕಾಣುತ್ತದೆ. ಕನ್ನಡಕದ ಪಾತ್ರಕ್ಕೆ ನಾನು ಗಾಜಿಲ್ಲದ ಫ್ರೇಮ್ ಇಟ್ಟುಕೊಂಡಿದ್ದೇನೆ, ಲೈಟು ಹೊಡೆಯುವುದಿಲ್ಲ. ಮಾತಾಡುವಾಗ ಲೋಟ ಯಾವ ಕೈಯಲ್ಲಿತ್ತು ಅನ್ನುವುದನ್ನು ಸಹಾಯಕ ನಿರ್ದೇಶಕರು ಬರೆದುಕೊಂಡರೂ ನೀವೂ ನೆನಪಿಡಿ. ತಪ್ಪೊಪ್ಪಿಗೆಯ ಉದ್ದ ಮಾತು ಬಂದಾಗ ಪಕ್ಕದಿಂದ ಮಾತು ಹೇಳಿಕೊಡುವ ಪ್ರಾಂಪ್ಟಿಂಗ್ ಇದೆಯಲ್ಲ ಅಂತ ಕೂರಬೇಡಿ. ಮಾತನ್ನು ಯೋಚನೆಗಳಾಗಿ ಒಡೆದು, ಪ್ರತಿ ಯೋಚನೆಯ ಮೊದಲ ಸಾಲನ್ನು ಬಾಯಿಪಾಠ ಮಾಡಿ. ಇಲ್ಲದಿದ್ದರೆ ಕಿವಿ ಪ್ರಾಂಪ್ಟರ್ ಕಡೆಗೇ ಇರುತ್ತದೆ, ಕ್ಲೋಸಪ್‌ನಲ್ಲಿ ಅದು ಕಣ್ಣಲ್ಲಿ ಕಂಡೇ ಕಾಣುತ್ತದೆ.

ನಿಮ್ಮ ಮಾತುಗಳೆಲ್ಲ ಮುಗಿದು ಪ್ಯಾಕಪ್‌ಗೆ ಮೊದಲು ಕ್ಯಾಮೆರಾಮನ್ ಹತ್ತಿರ ಹೋಗಿ, "ಒಂದೆರಡು ರಿಯಾಕ್ಷನ್ ತಗೊಂಡುಬಿಡ್ತೀರಾ ಸಾರ್?" ಅಂತ ಕೇಳಿ. ಒಂದು ಬಾಗಿಲ ಕಡೆ ನೋಡುವುದು, ಒಂದು ಮಾತಿಲ್ಲದೆ ಕೇಳಿಸಿಕೊಳ್ಳುವುದು. ಮನೆಯವರು ನಾಳೆಯೂ ಸೆಟ್ಟಿಗೆ ಬರುತ್ತಾರೆ, ನೀವು ಬರುವುದಿಲ್ಲ. ಎಡಿಟಿಂಗ್‌ನಲ್ಲಿ ಬೇಕಾದಾಗ ನಿಮ್ಮದು ಅಂತ ಇರುವುದು ಆ ಶಾಟುಗಳು ಮಾತ್ರ.